ಶರಾವತಿ ಕಣಿವೆ: ದಾರಿ ಬದಲಾದಂತೆ ನೆಲ ಬದಲಾದ ಬಗೆ

ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೇಸಿಗೆಯ ಕೊನೆಗೆ ಲಿಂಗನಮಕ್ಕಿ ಜಲಾಶಯದ ನೀರು ತಳಕ್ಕಿಳಿದಾಗ, ಸಾಗರ ತಾಲ್ಲೂಕಿನ ಮಡೆನೂರಿನ ಬಳಿ ಹಿನ್ನೀರಿನ ನಡುವಿನಿಂದ ಇನ್ನೊಂದು ಅಣೆಕಟ್ಟು ಮೇಲೇಳುತ್ತದೆ. ಅದು 1948ರಲ್ಲಿ ಬಳಕೆಗೆ ಬಂದ ಹಿರೇಭಾಸ್ಕರ ಅಣೆಕಟ್ಟು. ಹೆಚ್ಚಾದ ನೀರನ್ನು ತಾನಾಗಿಯೇ ಹೊರಹಾಕಲೆಂದು ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳ ಗುಮ್ಮಟದಂಥ ತಲೆಗಳು ಸಾಲಾಗಿ ಕಾಣುತ್ತವೆ. ಸುತ್ತಲೂ ಒಡೆದು ಬಾಯ್ಬಿಟ್ಟ ಕೆಸರು, ಆ ಕೆಸರಿನಲ್ಲಿ ಬೇರು ಬಿಟ್ಟುಕೊಂಡೇ ನಿಂತಿರುವ ಒಣ ಮರದ ಬೊಡ್ಡೆಗಳು. ಅಂದಿನ ಮೈಸೂರು ಸಂಸ್ಥಾನಕ್ಕೆ ಹೆಮ್ಮೆಯ ಕೆಲಸವಾಗಿದ್ದ ಈ ಕಟ್ಟು ಕೇವಲ ಹದಿನಾರು ವರ್ಷ ಬಾಳಿ, 1964ರಲ್ಲಿ ತನಗಿಂತ ದೊಡ್ಡ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು.

ಮುಳುಗಿದ ಊರುಗಳ ಕಥೆಯನ್ನು ಮಲೆನಾಡಿನಲ್ಲಿ ಎಲ್ಲರೂ ಬಲ್ಲರು. ಅಣೆಕಟ್ಟೇ ಮುಳುಗಿದ ಕಣಿವೆ ಮಾತ್ರ ಅಪರೂಪ. ಈ ಪ್ರಕರಣವನ್ನು ಎತ್ತಿಕೊಳ್ಳಲು ಅದೂ ಒಂದು ಕಾರಣ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಎತ್ತರದ ನೆಲದಲ್ಲಿ ಹರಿದು, ಜೋಗದಲ್ಲಿ 253 ಮೀಟರ್ ಕೆಳಕ್ಕೆ ಧುಮುಕಿ, ಗೇರುಸೊಪ್ಪೆಯ ಕೊಳ್ಳವನ್ನು ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯ ಉದ್ದ ಸುಮಾರು 128 ಕಿಲೋಮೀಟರ್ ಮಾತ್ರ. ಇಷ್ಟು ಚಿಕ್ಕ ಹೊಳೆಯ ಇಕ್ಕೆಲಗಳಲ್ಲಿ ದೋಣಿ, ಹೇರೆತ್ತು, ಗಾಡಿರಸ್ತೆ, ರೈಲು, ವಿದ್ಯುತ್ ತಂತಿ, ಲಾಂಚು, ಸೇತುವೆ ಎಲ್ಲವೂ ಒಂದರ ಹಿಂದೊಂದು ಬಂದಿವೆ, ಒಂದೊಂದು ಬಂದಾಗಲೂ ಯಾವ ನೆಲಕ್ಕೆ ಬೆಲೆ, ಯಾವ ನೆಲ ಪಾಳು ಎಂಬ ಲೆಕ್ಕ ತಿರುಗಿಬಿದ್ದಿದೆ. ಈ ಇತಿಹಾಸದುದ್ದಕ್ಕೂ ಒಂದು ಅಂಶ ಬಿಡದೆ ಮರುಕಳಿಸುತ್ತದೆ: ಕಣಿವೆಯಿಂದ ಹೊರಗೆ ಹೋಗಬೇಕಾದ ವಸ್ತುವಿಗೆ ದಾರಿ ಮೊದಲು ಸಿಕ್ಕಿದೆ, ಕಣಿವೆಯೊಳಗೆ ಬದುಕುವವರಿಗೆ ಅದು ಬಹಳ ತಡವಾಗಿ ಸಿಕ್ಕಿದೆ. ಮುಂದಿನ ವಿವರಗಳನ್ನು ಈ ಎಳೆಯನ್ನು ಹಿಡಿದೇ ಜೋಡಿಸಿದ್ದೇನೆ.

ಹೊಳೆಯೇ ದಾರಿಯಾಗಿದ್ದಾಗ

ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ಸುಮಾರು ಮೂವತ್ತು ಕಿಲೋಮೀಟರ್ ದೂರ ಹೊಳೆ ಬಹುಮಟ್ಟಿಗೆ ಸಮತಟ್ಟಾಗಿ ಹರಿಯುತ್ತದೆ, ದೋಣಿ ಸಾಗುವಷ್ಟು ಆಳವೂ ಇದೆ. ಗೇರುಸೊಪ್ಪೆಯನ್ನು ದಾಟಿದ ಮೇಲೆ ಬಂಡೆ, ಕೊರಕಲು, ಘಟ್ಟ. ದೋಣಿ ನಿಲ್ಲಲೇಬೇಕಾದ ಮತ್ತು ಎತ್ತಿನ ಬೆನ್ನಿಗೆ ಹೇರು ಏರಿಸಲೇಬೇಕಾದ ಜಾಗದಲ್ಲಿ ಪೇಟೆ ಬೆಳೆಯುವುದು ಸಹಜ. ಗೇರುಸೊಪ್ಪೆ ಬೆಳೆದದ್ದೂ ಹಾಗೆಯೇ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಹೊಗಳಿಕೆಗಲ್ಲ. ಘಟ್ಟದ ಮೇಲಿನ ಕಾಳುಮೆಣಸು ಸಮುದ್ರಕ್ಕೆ ಇಳಿಯುವ ಬಾಗಿಲು ಆಕೆಯ ಕೈಯಲ್ಲಿತ್ತು.

ಆ ಮೆಣಸು ಬೆಳೆಯುತ್ತಿದ್ದ ನೆಲದ ಬಗೆಯನ್ನೂ ಗಮನಿಸಬೇಕು. ಸಾಗರ, ಸೊರಬದ ಕಡೆ ‘ಕಾನು’ ಎನ್ನುವ ನಿತ್ಯಹಸಿರಿನ ಕಾಡಿನ ತುಂಡುಗಳಲ್ಲಿ ಮೆಣಸಿನ ಬಳ್ಳಿ ಮರಕ್ಕೆ ಹಬ್ಬಿಕೊಂಡು ಬೆಳೆಯುತ್ತಿತ್ತು. ಕಣಿವೆಯ ತಗ್ಗಿನಲ್ಲಿ, ನೀರಿನ ಒರತೆಯಿರುವಲ್ಲಿ ಅಡಿಕೆ ತೋಟವಿತ್ತು. ಎರಡಕ್ಕೂ ನೆರಳು ಬೇಕು, ತೇವ ಬೇಕು. ಹಾಗಾಗಿ ದೂರದ ಲಿಸ್ಬನ್ನಿನವರೆಗೆ ಸರಕು ಕಳಿಸುತ್ತಿದ್ದ ಈ ವ್ಯಾಪಾರ ಮರವನ್ನು ಕಡಿಯದೆ ಉಳಿಸಿಕೊಳ್ಳುವ ವ್ಯಾಪಾರವೂ ಆಗಿತ್ತು. ಹೇರೆತ್ತಿನ ಕಾಲುದಾರಿಗೆ ಕಾಡು ಕಡಿಯುವ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಇದನ್ನು ಸುವರ್ಣಯುಗವೆಂದು ಬಣ್ಣಿಸುವ ಉದ್ದೇಶ ನನಗಿಲ್ಲ, ಮೆಣಸಿಗಾಗಿ ನಡೆದ ಕದನಗಳು ಕಡಿಮೆಯೇನಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆ ಕೆಳದಿಯ ನಾಯಕರ ವಶವಾಯಿತು, ಪೇಟೆ ಕ್ರಮೇಣ ಬರಿದಾಯಿತು. ಇಂದು ಅಲ್ಲಿ ಕಾಡಿನ ನಡುವೆ ನಾಲ್ಕೂ ದಿಕ್ಕಿಗೆ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ, ಅದರ ಸುತ್ತ ಒಂದು ಪಟ್ಟಣವಿತ್ತೆಂದು ನಂಬುವುದು ಕಷ್ಟ. ದಾರಿ ಬೇರೆಡೆಗೆ ತಿರುಗಿದ ಮೇಲೆ ಕಾಡು ತನ್ನ ಜಾಗವನ್ನು ಮರಳಿ ಪಡೆದುಕೊಂಡಿತು.

ಒಂದೇ ಹೊಳೆ, ಎರಡು ಸರ್ಕಾರ

1799ರ ನಂತರ ಕಣಿವೆ ಎರಡಾಗಿ ಹರಿದುಹೋಯಿತು. ಮೇಲಿನ ಭಾಗ ಮೈಸೂರು ಸಂಸ್ಥಾನಕ್ಕೆ, ಕೆಳಗಿನ ಭಾಗ ಬ್ರಿಟಿಷರ ಕೆನರಾ ಜಿಲ್ಲೆಗೆ ಸೇರಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆಯಾಗುವವರೆಗೆ ಜೋಗದ ಆಸುಪಾಸಿನಲ್ಲೇ ಎರಡು ಆಡಳಿತಗಳ ಗಡಿಯಿತ್ತು. ಘಟ್ಟದ ಮೇಲೂ ಕೆಳಗೂ ಬೆಳೆ ಅದೇ, ಮಳೆ ಅದೇ. ನೆಲದ ಕಾನೂನು ಮಾತ್ರ ಬೇರೆ ಬೇರೆ.

ಈ ಅವಧಿಯಲ್ಲಿ ದಾರಿಗಿಂತ ಹೆಚ್ಚಾಗಿ ನೆಲವನ್ನು ಬದಲಿಸಿದ್ದು ಅರಣ್ಯ ಕಾನೂನು. ಗುಡ್ಡದ ಇಳಿಜಾರಿನಲ್ಲಿ ಮರ ಸವರಿ, ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು ಮುಂದೆ ಸಾಗುವ ಕುಮರಿ ಬೇಸಾಯವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಬಿಗಿಯಾಗಿ ತಡೆಯಲಾಯಿತು. ಅದನ್ನೇ ನಂಬಿದ್ದವರು ಕೂಲಿಗೆ ಇಳಿದರು. ತೋಟಗಾರರಿಗೆ ಬೇರೆ ಲೆಕ್ಕ. ಅಡಿಕೆ ಮರದ ಬುಡಕ್ಕೆ ಹಾಕಲು ಸೊಪ್ಪು, ದರಗು ಬೇಕಾದ್ದರಿಂದ ತೋಟಕ್ಕೆ ಹೊಂದಿಕೊಂಡ ಕಾಡನ್ನು ಸೊಪ್ಪಿನಬೆಟ್ಟವೆಂದು ಬಿಟ್ಟುಕೊಡಲಾಯಿತು. ಉತ್ತರ ಕನ್ನಡದ ಕಡೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಸಿಗುತ್ತಿತ್ತು. ಹಸಿರಾಗಿ ಕಾಣುವ ಈ ಬೆಟ್ಟಗಳನ್ನು ಹತ್ತಿರ ಹೋಗಿ ನೋಡಿದರೆ ಮರಗಳ ಕೊಂಬೆಗಳನ್ನು ವರ್ಷ ವರ್ಷವೂ ಸವರಿದ ಗಂಟುಗಳು ಕಾಣುತ್ತವೆ, ನೆತ್ತಿಯಲ್ಲಿ ಮಾತ್ರ ಒಂದು ಗುಪ್ಪೆ ಎಲೆ. ದೂರದಿಂದ ಕಾಡು, ಹತ್ತಿರದಿಂದ ಗೊಬ್ಬರದ ಕಣಜ. ಕಣಿವೆಯ ಭೂದೃಶ್ಯವನ್ನು ಓದುವವರು ಮೊದಲು ತಪ್ಪುವುದು ಇಲ್ಲಿಯೇ, ಏಕೆಂದರೆ ಹಸಿರಾಗಿ ಕಾಣುವುದನ್ನೆಲ್ಲ ಒಂದೇ ಬಣ್ಣದಲ್ಲಿ ತುಂಬಿದ ನಕ್ಷೆ ಕಾನನ್ನೂ ಬೆಟ್ಟವನ್ನೂ ಆಮೇಲಿನ ಅಕೇಶಿಯಾ ನೆಡುತೋಪನ್ನೂ ಬೇರ್ಪಡಿಸುವುದಿಲ್ಲ.

ಗೇರುಸೊಪ್ಪೆ ಘಟ್ಟದಲ್ಲಿ ಗಾಡಿ ಇಳಿಯುವ ರಸ್ತೆಯಾದದ್ದೂ ಹತ್ತೊಂಬತ್ತನೆಯ ಶತಮಾನದಲ್ಲೇ. ಇದೇ ಜಾಡು ಮುಂದೆ ತುಮಕೂರು–ಹೊನ್ನಾವರ ರಾಷ್ಟ್ರೀಯ ಹೆದ್ದಾರಿ 206 ಆಯಿತು, ಈಗ ಅದರ ಸಂಖ್ಯೆ 69.

ರೈಲು ಮತ್ತು ಕೊಳಗ

ಬೀರೂರಿನಿಂದ ಶಿವಮೊಗ್ಗಕ್ಕೆ ಬಂದು ನಿಂತಿದ್ದ ಮೀಟರ್‌ಗೇಜ್ ರೈಲು 1930ರ ದಶಕದಲ್ಲಿ ಆನಂದಪುರ, ಸಾಗರದ ಕಡೆ ಮುಂದುವರಿದು, 1940ರ ಆಸುಪಾಸಿಗೆ ತಾಳಗುಪ್ಪ ತಲುಪಿತು. ಘಟ್ಟ ಇಳಿಯಲಿಲ್ಲ. ಜೋಗಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ಈಚೆಗೆ ನಿಂತ ಈ ರೈಲು ಕಣಿವೆಯ ಮುಖವನ್ನೇ ತಿರುಗಿಸಿತು: ಶತಮಾನಗಳಿಂದ ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಇಳಿಯುತ್ತಿದ್ದ ಸರಕು ಪೂರ್ವಕ್ಕೆ, ಬಯಲುಸೀಮೆಯ ಕಡೆಗೆ ಹೊರಟಿತು. ಸಾಗರ ಅಡಿಕೆಯ ಪೇಟೆಯಾಗಿ ಬಲಿಯಿತು. ಕಾಡಿನ ದಿಮ್ಮಿಗೂ ಹೊಸ ದಾರಿ ಸಿಕ್ಕಿತು. ಹೊಳೆಯಲ್ಲಿ ತೇಲಿಬಿಡಲಾಗದ ಭಾರದ ಮರವನ್ನೂ ವ್ಯಾಗನ್ನಿಗೆ ಹೇರಬಹುದಾಗಿತ್ತು. ಜಲವಿದ್ಯುತ್ ಯೋಜನೆಯ ಸಿಮೆಂಟು, ಉಕ್ಕು, ಯಂತ್ರಗಳನ್ನು ಈ ಮೂಲೆಗೆ ಸಾಗಿಸಲು ಸಾಧ್ಯವಾದುದಕ್ಕೂ ಈ ರೈಲೇ ಆಧಾರ.

ಇದೇ ಹೊತ್ತಿಗೆ ಗದ್ದೆಯಲ್ಲಿ ಬೇರೊಂದು ಜಗಳ ಬಲಿಯುತ್ತಿತ್ತು. ಸಾಗರ ಸೀಮೆಯ ಗದ್ದೆಗಳ ಬಹುಪಾಲು ಗೇಣಿಯ ಮೇಲೆ ನಡೆಯುತ್ತಿತ್ತು. ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದೆಂದು ದೀವರು ಸಮುದಾಯದ ಗೇಣಿದಾರರು ಪ್ರತಿಭಟಿಸಿದರು. ಜಗಳ ನೆಲದ ಒಡೆತನದವರೆಗೆ ಬೆಳೆದು, 1951ರ ಕಾಗೋಡು ಸತ್ಯಾಗ್ರಹವಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸಾರಿಗೆಯ ಇತಿಹಾಸದ ನಡುವೆ ಈ ಕೊಳಗಕ್ಕೇನು ಕೆಲಸ ಎಂದು ಕೇಳಬಹುದು. ಹದಿಮೂರು ವರ್ಷಗಳ ನಂತರ ನೀರು ಏರಿದಾಗ, ಯಾರ ಕೈಗೆ ಏನು ದಕ್ಕಿತು ಎಂಬುದನ್ನು ನಿರ್ಧರಿಸಿದ್ದು ಇದೇ ಗೇಣಿಯ ಲೆಕ್ಕ.

ಮುಳುಗಡೆ

ಜೋಗದ ಮೊದಲ ವಿದ್ಯುದಾಗಾರ, ಈಗ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಎಂಬ ಹೆಸರಿನದು, 1948ರಲ್ಲಿ ಆರಂಭವಾಗಿ ಮುಂದೆ 120 ಮೆಗಾವ್ಯಾಟಿಗೆ ಬೆಳೆಯಿತು. ಹಿರೇಭಾಸ್ಕರದ ನೀರು ಅದಕ್ಕೇ ಮೀಸಲಾಗಿತ್ತು. ರಾಜ್ಯ ಒಂದಾದ ಮೇಲೆ ಬೇಡಿಕೆ ಹೆಚ್ಚಿತು, ಯೋಜನೆಯೂ ಹಿಗ್ಗಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಸಮುದ್ರ ಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲಿಸುತ್ತದೆ. ಸಾಮರ್ಥ್ಯ ಸುಮಾರು 151 ಟಿಎಂಸಿ, ತುಂಬಿದಾಗ ನೀರಿನ ಹರವು 300 ಚದರ ಕಿಲೋಮೀಟರಿಗೂ ಮಿಕ್ಕಿ. ಇಲ್ಲಿಂದ ನೀರು ತಳಕಳಲೆಯ ಸಮತೋಲನ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು, ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳನ್ನು ತಿರುಗಿಸುತ್ತದೆ. ಅವುಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಬಹಳ ಕಾಲ ರಾಜ್ಯದ ದೀಪ ಉರಿದದ್ದು ಈ ಒಂದು ಹೊಳೆಯ ಬಲದಿಂದ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಮುನ್ನೂರು ಚದರ ಕಿಲೋಮೀಟರ್ ಎಂಬ ಅಂಕಿಯ ಒಳಗೆ ಏನಿತ್ತು ಎಂಬುದು ಮುಖ್ಯ. ಮಲೆನಾಡಿನಲ್ಲಿ ಬೇಸಾಯದ ನೆಲವಿರುವುದು ತಗ್ಗಿನಲ್ಲಿ: ಹೊಳೆಯ ಮಗ್ಗುಲಿನ ಗದ್ದೆ, ಅದರ ಮೇಲಂಚಿಗೆ ತೋಟ, ತೋಟದ ನೆತ್ತಿಯಲ್ಲಿ ಮನೆ, ಮನೆಯ ಹಿಂದೆ ದನ ಮೇಯುವ ಬ್ಯಾಣ, ಅದಕ್ಕೂ ಮೇಲೆ ಸೊಪ್ಪಿನಬೆಟ್ಟ, ಕೊನೆಗೆ ಕಾನು. ನೀರು ಕೆಳಗಿನಿಂದ ಏರುತ್ತದೆಯಾದ್ದರಿಂದ ಮೊದಲು ಹೋದದ್ದು ಗದ್ದೆ, ಆಮೇಲೆ ತೋಟ. ಉಳಿದದ್ದು ಬೆಟ್ಟದ ನೆತ್ತಿಗಳು. ಹಿಂದೆ ಗೊಬ್ಬರ ಕೊಡುತ್ತಿದ್ದ ಬೆಟ್ಟದ ಮೇಲೆಯೇ ಈಗ ಊಟಕ್ಕೆ ಬೇಕಾದ್ದನ್ನೂ ಬೆಳೆಯಬೇಕಾಯಿತು. ಹಿನ್ನೀರಿನ ದಂಡೆಯ ಗುಡ್ಡಗಳಲ್ಲಿ ಇಂದು ಕಾಣುವ ಚದುರಿದ ತೋಟಗಳು, ತೆರವಾದ ಇಳಿಜಾರುಗಳು, ಬಗರ್‌ಹುಕುಂ ಸಾಗುವಳಿ, ಇವೆಲ್ಲ ಬಹುಪಾಲು ಈ ಒಂದು ಪಲ್ಲಟದ ಫಲ. ಕಾಡು ಒತ್ತುವರಿ ಎಂದು ಬೆರಳು ತೋರಿಸುವವರು 1,819 ಅಡಿಯ ಗೆರೆಯನ್ನು ಮೊದಲು ನೋಡಬೇಕು.

ಪರಿಹಾರದ ವಿಷಯಕ್ಕೆ ಬಂದರೆ, ಕೊಳಗದ ಕಥೆ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಉಳುವವನಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣಾ ತಿದ್ದುಪಡಿ ದೇವರಾಜ ಅರಸು ಅವರ ಕಾಲದಲ್ಲಿ, 1974ರಲ್ಲಿ ಬಂತು. ನೀರು ಬಂದದ್ದು ಅದಕ್ಕೂ ಹತ್ತು ವರ್ಷ ಮೊದಲು. ಪಹಣಿಯಲ್ಲಿ ಒಡೆಯನ ಹೆಸರಿದ್ದಾಗ ನೆಲದ ಪರಿಹಾರ ಒಡೆಯನಿಗೆ. ಗೇಣಿದಾರನಿಗೆ ಉಳಿದದ್ದು ಲಾರಿಯಲ್ಲಿ ಒಂದು ಜಾಗ ಮತ್ತು ಬೇರೆ ಊರಿನ ಕಾಡಿನಲ್ಲಿ ಗುರುತು ಹಾಕಿಕೊಟ್ಟ ತುಂಡು ನೆಲ. ಹತ್ತು ವರ್ಷ ಕಾದು, ಗೇಣಿ ನೆಲದ ಹಕ್ಕು ಕೇಳುವ ಏಳನೇ ನಮೂನೆಯ ಅರ್ಜಿ ಸಲ್ಲಿಸೋಣವೆಂದರೆ ಅವನ ಗದ್ದೆ ನೀರಿನಡಿ ಇತ್ತು. ಹೀಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಬಂದು ನೆಲೆಸಿದವರಲ್ಲಿ ಅನೇಕರಿಗೆ ಹಕ್ಕುಪತ್ರ ಕೈಗೆ ಬರಲಿಲ್ಲ, ಬಂದರೂ ಪೂರ್ತಿಯಾಗಿ ಬರಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲವಾದ್ದರಿಂದ, ಅರವತ್ತರ ದಶಕದಲ್ಲಿ ಬಾಯಿಮಾತಿನಲ್ಲಿ ಮುಗಿದದ್ದು ಮುಂದೆ ದಾಖಲೆಯಲ್ಲಿ ಮುಗಿಯದಾಯಿತು. ಸಂತ್ರಸ್ತರು ಎಂಬ ಪದ ಈ ಸೀಮೆಯಲ್ಲಿ ಮೂರನೆಯ ತಲೆಮಾರಿಗೂ ಅಂಟಿಕೊಂಡಿದೆ.

ಕಾಡಿಗೆ ಬಂದ ಇನ್ನೊಂದು ಬದಲಾವಣೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಖಾಲಿ ಗುಡ್ಡಗಳನ್ನು ಹಸಿರಾಗಿಸಲು ಮತ್ತು ಕಾಗದದ ಗಿರಣಿಗೆ ಕಟ್ಟಿಗೆ ಒದಗಿಸಲು ಎಂಬತ್ತರ ದಶಕದಿಂದ ಅಕೇಶಿಯಾ ನೆಟ್ಟರು, ಬ್ಯಾಣಗಳ ಹುಲ್ಲು ಹೋಯಿತು, ದನ ಮೇಯಲು ಜಾಗವಿಲ್ಲವಾಯಿತು. ಇನ್ನೊಂದೆಡೆ 1972ರಲ್ಲಿ ಶರಾವತಿ ಕಣಿವೆ ವನ್ಯಜೀವಿ ಧಾಮ 431 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಸ್ಥಾಪನೆಯಾಗಿ, 2019ರಲ್ಲಿ ಸಿಂಗಳೀಕಗಳ ಹೆಸರಿನಲ್ಲಿ ಇನ್ನಷ್ಟು ವಿಸ್ತಾರವಾಯಿತು. ಮುಳುಗಿ ಉಳಿದ ನೆಲದ ಒಂದು ಪಾಲು ಮರದ ಬೆಳೆಗೆ, ಇನ್ನೊಂದು ಪಾಲು ಕಾಡುಪ್ರಾಣಿಗೆ, ನಡುವೆ ಸಿಕ್ಕಿದ್ದು ಜನರಿಗೆ.

ಲಾಂಚಿನ ಅರವತ್ತು ವರ್ಷ

ನೀರು ಗದ್ದೆಯನ್ನು ನುಂಗಿದ್ದು ಎಲ್ಲರಿಗೂ ಕಂಡಿತು. ಅದು ದಾರಿಯನ್ನೂ ನುಂಗಿತ್ತು. ಹೊಳೆಯ ಆಚೆಯ ಕರೂರು ಮತ್ತು ಭಾರಂಗಿ ಹೋಬಳಿಗಳ ತುಮರಿ ಮುಂತಾದ ಊರುಗಳು ಮೂರು ಕಡೆ ನೀರು, ಒಂದು ಕಡೆ ಘಟ್ಟ ಎಂಬ ಸ್ಥಿತಿಗೆ ಬಂದವು. ತಾಲ್ಲೂಕು ಕೇಂದ್ರವಾದ ಸಾಗರ ಹೊಳೆಯ ಈಚೆ. ಅಲ್ಲಿಗೆ ಹೋಗಲು ಹೊಳೆಬಾಗಿಲಿನ ಲಾಂಚು ಹತ್ತಬೇಕಿತ್ತು, ಇಲ್ಲವೇ ಬಹುದೂರ ಸುತ್ತಬೇಕಿತ್ತು.

ಲಾಂಚೆಂದರೆ ಅಗಲವಾದ ಕಬ್ಬಿಣದ ಹಲಗೆಯ ದೋಣಿ, ಬಸ್ಸು, ಜೀಪು, ಬೈಕು, ಹಾಲಿನ ಕ್ಯಾನು, ಮದುವೆಯ ದಿಬ್ಬಣ ಎಲ್ಲವನ್ನೂ ಒಟ್ಟಿಗೆ ಹೊರುವಂಥದು. ದಡಕ್ಕೆ ಗಟ್ಟಿಯಾದ ಕಟ್ಟೆಯಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಸೆಪ್ಟೆಂಬರಿನ ದಡವೇ ಬೇರೆ, ಮೇ ತಿಂಗಳ ದಡವೇ ಬೇರೆ. ನೀರು ಇಳಿದಂತೆಲ್ಲ ಲಾಂಚಿನ ನಿಲ್ದಾಣವೂ ಗುಡ್ಡದ ಮಗ್ಗುಲಲ್ಲಿ ಕೆಳಗಿಳಿಯುತ್ತಿತ್ತು, ಕೆಸರಿನಲ್ಲಿ ಹೊಸ ಜಾಡು ಮೂಡುತ್ತಿತ್ತು. ನೀರು ತೀರ ಕಡಿಮೆಯಾದ ಬೇಸಿಗೆಗಳಲ್ಲಿ, 2023ರ ಜೂನಿನಲ್ಲಿ ಆದಂತೆ, ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನಷ್ಟೇ ದಾಟಿಸುತ್ತಿದ್ದರು. ಕತ್ತಲಾದ ಮೇಲೆ ಲಾಂಚಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದವರಿಗೆ, ಹಾವು ಕಚ್ಚಿದವರಿಗೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆಲದ ಬಳಕೆಯ ದೃಷ್ಟಿಯಿಂದ ನೋಡಿದರೆ ಲಾಂಚು ಒಂದು ಜರಡಿಯಂತೆ ಕೆಲಸ ಮಾಡಿತು. ಕೆಡದ ಸರಕು ದಾಟಿತು, ಕೆಡುವ ಸರಕು ದಾಟಲಿಲ್ಲ. ಒಣಗಿಸಿ ಚೀಲ ತುಂಬಿಟ್ಟರೆ ತಿಂಗಳುಗಟ್ಟಲೆ ಕಾಯುವ ಅಡಿಕೆ ಆಚೆ ದಡದ ಬೆಳೆಯಾಗಿ ಉಳಿದದ್ದಕ್ಕೆ ಮಣ್ಣಿನ ಗುಣದಷ್ಟೇ ಈ ಕಾಯುವಿಕೆಯೂ ಕಾರಣವೆಂಬುದು ನನ್ನ ಎಣಿಕೆ. ಸಿಗಂದೂರಿನ ಚೌಡೇಶ್ವರಿ ದೇವಸ್ಥಾನದ ಭಕ್ತರ ಸಂಖ್ಯೆ ಏರಿದಂತೆ ಲಾಂಚಿನ ಸರದಿ ಉದ್ದವಾಯಿತು. ಹೊರಗಿನವರಿಗೆ ಈ ದಾಟುವಿಕೆ ಯಾತ್ರೆಯ ಒಂದು ಸೊಗಸಾದ ಭಾಗ, ಒಳಗಿನವರಿಗೆ ದಿನದ ಅರ್ಧ ನುಂಗುವ ಕೆಲಸವಾಗಿತ್ತು. ಇದೇ ಅರವತ್ತು ವರ್ಷಗಳಲ್ಲಿ ಇಲ್ಲಿನ ನೀರಿನಿಂದ ಹುಟ್ಟಿದ ವಿದ್ಯುತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಗಳೂರು ಸೇರುತ್ತಿತ್ತು.

ಅಳಿವೆಯಲ್ಲಿ

ಕೆಳಗೆ ಹೊನ್ನಾವರದಲ್ಲಿ ಬದಲಾವಣೆ ಸದ್ದಿಲ್ಲದೆ ನಡೆಯಿತು. ಹಿಂದೆ ಮಳೆಗಾಲ ಮುಗಿದ ಮೇಲೆ ಹೊಳೆ ಸೊರಗಿ, ಉಪ್ಪುನೀರು ದೂರದವರೆಗೆ ಒಳಬರುತ್ತಿತ್ತು. ವಿದ್ಯುದಾಗಾರ ವರ್ಷವಿಡೀ ನೀರು ಬಿಡುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ, ಉಪ್ಪನ್ನು ನಂಬಿದ್ದ ಚಿಪ್ಪುಮೀನು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಪೆಟ್ಟು ಬಿತ್ತು. ಪಕ್ಕದಲ್ಲೇ ಹರಿಯುವ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ ಚಿಪ್ಪಿಗೆ ಹೆಸರಾಗಿ ಉಳಿದಿರುವುದನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ಕೊನೆಯ ಅಣೆಕಟ್ಟು ಬಂದ ಮೇಲೆ, ಸಮುದ್ರದಿಂದ ದೋಣಿ ಬಂದು ನಿಲ್ಲುತ್ತಿದ್ದ ಆ ಹಳೆಯ ಜಾಗದಲ್ಲೇ ಹೊಳೆಗೆ ಗೋಡೆ ಎದ್ದಿತು. ಅಳಿವೆಯ ಮೇಲೆ ಕೊಂಕಣ ರೈಲ್ವೆಯ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ನಿಂತಿದೆ, ಆ ಮಾರ್ಗದಲ್ಲೇ ಅತಿ ಉದ್ದದ್ದು. 1998ರಿಂದ ಮುಂಬಯಿ–ಮಂಗಳೂರು ರೈಲುಗಳು ಅದರ ಮೇಲೆ ಕಣಿವೆಯನ್ನು ಅಡ್ಡವಾಗಿ ದಾಟಿಹೋಗುತ್ತವೆ. ಹೊಳೆಗುಂಟ ಮೇಲೆ ಕೆಳಗೆ ಸಾಗುತ್ತಿದ್ದ ಸಂಚಾರ ಈಗ ಹೊಳೆಯನ್ನು ಒಂದು ಅಡ್ಡಿಯಾಗಿ ಮಾತ್ರ ಕಾಣುತ್ತದೆ.

ಸೇತುವೆಯಾದ ಮೇಲೆ

ಲಾಂಚು ದಾಟುತ್ತಿದ್ದಲ್ಲಿಯೇ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳನ್ನು ಜೋಡಿಸುವ ಕೇಬಲ್ ಆಧಾರಿತ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಗಂಟೆಗಟ್ಟಲೆ ಕಾಯುತ್ತಿದ್ದ ದಾಟುವಿಕೆ ಕೆಲವೇ ನಿಮಿಷಗಳದ್ದಾಯಿತು. ಹಿನ್ನೀರಿನ ದಂಡೆಯ ನೆಲವನ್ನು ಇಷ್ಟು ವರ್ಷ ಹೊರಗಿನವರ ಕಣ್ಣಿನಿಂದ ದೂರವಿಟ್ಟಿದ್ದು ದಾರಿಯ ಕಷ್ಟವೇ. ಆ ಕಷ್ಟ ಇನ್ನಿಲ್ಲ. ಜಮೀನಿಗೆ ಗಿರಾಕಿ ಬಂದಾಗ ಪಕ್ಕಾ ಖಾತೆಯಿರುವವರು ತಮಗೆ ಬೇಕಾದ ಬೆಲೆ ಕೇಳಬಹುದು, ದಾಖಲೆಯಿಲ್ಲದವರು ಅದೇ ನೆಲದಲ್ಲಿ ತಾವಿರುವುದನ್ನೇ ರುಜುವಾತು ಮಾಡಬೇಕು. 1964ರಲ್ಲಿ ಒಡೆಯ ಮತ್ತು ಗೇಣಿದಾರನ ನಡುವೆ ಬಿದ್ದ ಗೆರೆ ಈಗ ಹಕ್ಕುಪತ್ರವಿದ್ದವರು ಮತ್ತು ಇಲ್ಲದವರ ನಡುವೆ ಬೀಳುತ್ತಿದೆ.

ಹೊರಗೊಯ್ಯುವ ಯೋಜನೆಗಳೂ ನಿಂತಿಲ್ಲ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಸಾಗಿಸುವ ಪ್ರಸ್ತಾಪಕ್ಕೆ ಎದುರಾಗಿ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ತಳಕಳಲೆಯನ್ನು ಮೇಲಿನ ತೊಟ್ಟಿಯಾಗಿ, ಗೇರುಸೊಪ್ಪೆಯನ್ನು ಕೆಳಗಿನ ತೊಟ್ಟಿಯಾಗಿ ಬಳಸಿಕೊಂಡು, ಬೇಡಿಕೆ ಕಡಿಮೆಯಿದ್ದಾಗ ನೀರು ಮೇಲೆತ್ತಿ ಬೇಡಿಕೆ ಹೆಚ್ಚಿದಾಗ ಇಳಿಸುವ 2,000 ಮೆಗಾವ್ಯಾಟಿನ ಭೂಗತ ಯೋಜನೆಗೆ ಈಗ ವಿರೋಧ ನಡೆದಿದೆ. ಎರಡೂ ಜಲಾಶಯಗಳು ಆಗಲೇ ಇರುವುದರಿಂದ ಹೊಸ ಮುಳುಗಡೆಯಿಲ್ಲ ಎಂಬ ವಾದ ಅಕ್ಷರಶಃ ಸರಿಯಿರಬಹುದು. ಆದರೆ ಸುರಂಗಕ್ಕೆ ಯಂತ್ರ ಇಳಿಸಲು ರಸ್ತೆ ಬೇಕು, ತೆಗೆದ ಮಣ್ಣು ಸುರಿಯಲು ಜಾಗ ಬೇಕು, ವಿದ್ಯುತ್ ಸಾಗಿಸಲು ಕಾಡು ಸವರಿದ ತಂತಿಯ ಜಾಡು ಬೇಕು. ಅವೆಲ್ಲ ಸಿಂಗಳೀಕಗಳು ಮರದಿಂದ ಮರಕ್ಕೆ ದಾಟುವ ಇಳಿಜಾರಿನಲ್ಲೇ ಬರಬೇಕು. ಈ ಕಣಿವೆಯಲ್ಲಿ ಯಾವ ಯೋಜನೆಯ ವಿಸ್ತೀರ್ಣವನ್ನೂ ಅದರ ದಾರಿಯನ್ನು ಬಿಟ್ಟು ಅಳೆಯಲಾಗದು.

ಹೊಳೆಬಾಗಿಲಿನಲ್ಲಿ ಹಳೆಯ ಡಾಂಬರು ರಸ್ತೆ ಇಂದಿಗೂ ನೇರವಾಗಿ ನೀರಿನೊಳಗೆ ಇಳಿದುಹೋಗುತ್ತದೆ. ಅದರ ಪಕ್ಕದಲ್ಲಿ, ಎತ್ತರದಲ್ಲಿ, ಹೊಸ ಸೇತುವೆಯ ಮೇಲೆ ಬಸ್ಸುಗಳು ತಡೆಯಿಲ್ಲದೆ ಓಡುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ, ಲಾಂಚಿಗೆ ಇಳಿಯುತ್ತಿದ್ದ ವಾಹನಗಳ ಚಕ್ರದ ಗುರುತುಗಳ ಕೆಳಗೆ, ಮುಳುಗಡೆಗೆ ಮೊದಲಿನ ಗದ್ದೆಯ ಬದುಗಳು ಒಂದೊಂದಾಗಿ ಮೇಲೆ ಕಾಣಿಸಿಕೊಳ್ಳುತ್ತವೆ.